ಐಪಿವಿ6 ಕೈಕೊಟ್ಟಾಗ: ಆಫ್ ಮಾಡುವುದೋ, ಸರಿಪಡಿಸುವುದೋ, ದಾರಿಯನ್ನೇ ಬದಲಿಸುವುದೋ?

ಇಂಟರ್ನೆಟ್‌ನಲ್ಲಿ ಸಾಧನಗಳಿಗೆ ವಿಳಾಸ ಕೊಡುವ ಹಳೆಯ ವ್ಯವಸ್ಥೆ ಐಪಿವಿ4, ಹೊಸದು ಐಪಿವಿ6. ಐಪಿವಿ6 ಆನ್ ಮಾಡಿದ ಮೇಲೆ ಕೆಲವು ಸೈಟ್‌ಗಳು ತೆರೆಯುತ್ತಿಲ್ಲ ಎಂದು ಯಾರನ್ನಾದರೂ ಕೇಳಿ ನೋಡಿ, ಮೊದಲು ಬರುವ ಉತ್ತರ "ಆಫ್ ಮಾಡಿಬಿಡಿ" ಎಂದೇ. ನಾನೂ ಬಹಳ ಕಾಲ ಹಾಗೇ ಹೇಳುತ್ತಿದ್ದೆ. ಆಫ್ ಮಾಡಿದರೆ ತೊಂದರೆ ಹೋಗುತ್ತದೆ, ನಿಜ. ಆದರೆ ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತೋ ಇಲ್ಲವೋ ಎನ್ನುವುದು ನಿಮ್ಮ ನೆಟ್‌ವರ್ಕ್ ಎಂಥದ್ದು, ಅದನ್ನು ನೋಡಿಕೊಳ್ಳುವವರು ಯಾರು ಎನ್ನುವುದರ ಮೇಲೆ ನಿಂತಿದೆ. ಆಫ್ ಮಾಡುವುದಲ್ಲದೆ ಇನ್ನೂ ಕೆಲವು ದಾರಿಗಳಿವೆ: ಐಪಿವಿ4ಗೆ ಆದ್ಯತೆ ಕೊಡುವುದು, ಎರಡನ್ನೂ ಜೊತೆಗೆ ಓಡಿಸುವುದು, ಟನೆಲ್ ಹಾಕಿಸಿಕೊಳ್ಳುವುದು, ಒಳಗೆ ಐಪಿವಿ6 ಒಂದನ್ನೇ ಇಟ್ಟುಕೊಂಡು ಅನುವಾದಕವೊಂದನ್ನು ನಡುವೆ ಕೂರಿಸುವುದು. ಒಂದೊಂದಕ್ಕೂ ಅದರದೇ ಗುಣ, ಅದರದೇ ಕಾಟ.

ಇಷ್ಟೆಲ್ಲ ರಗಳೆ ಯಾಕೆ ಎನ್ನುವವರಿಗೆ ಎರಡು ಮಾತು. ಐಪಿವಿ4 ವಿಳಾಸ 32 ಬಿಟ್‌ನದು. ಒಟ್ಟು ಸುಮಾರು 430 ಕೋಟಿ ವಿಳಾಸ, ಅಷ್ಟೇ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಯುರೋಪಿಗೆ ವಿಳಾಸ ಹಂಚುವ ಸಂಸ್ಥೆಯ ಬಳಿ ಉಳಿದಿದ್ದ ಚೂರುಪಾರು 2019ರ ನವೆಂಬರ್‌ನಲ್ಲಿ ಮುಗಿಯಿತು. 128 ಬಿಟ್‌ನ ಐಪಿವಿ6ರ ಮಾನದಂಡ 1998ರಲ್ಲೇ ಬಂದಿತ್ತು. ಆದರೆ ಎರಡೂ ಒಂದಕ್ಕೊಂದು ನೇರವಾಗಿ ಮಾತಾಡಲಾರವು. ಹಳೆಯದನ್ನು ಕಿತ್ತು ಹೊಸದನ್ನು ಹಾಕುವ ಹಾಗಿಲ್ಲ, ವರ್ಷಗಟ್ಟಲೆ ಎರಡನ್ನೂ ಸಾಕಬೇಕು. ಮುಂದೆ ಹೇಳುವ ತೊಂದರೆಗಳೆಲ್ಲ ಹುಟ್ಟುವುದು ಈ ಕೂಡುಬಾಳಿನಲ್ಲೇ.

ಯಾವುದನ್ನು ನೋಡಿ ಆರಿಸಬೇಕು

ವೇಗದ ಲೆಕ್ಕ ಹಾಕಬೇಡಿ. ಎರಡೂ ನೆಟ್ಟಗಿದ್ದಾಗ ಮನೆ ಬಳಕೆಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರುವುದಿಲ್ಲ. ನಾನು ಮೊದಲು ಕೇಳುವುದು ಬೇರೆಯೇ ಪ್ರಶ್ನೆ: ಕೆಟ್ಟಾಗ ಕೆಟ್ಟಿದ್ದು ಗೊತ್ತಾಗುತ್ತದೆಯೇ? ಪೂರ್ತಿ ಸತ್ತ ಸಂಪರ್ಕ ದೊಡ್ಡ ತಲೆನೋವಲ್ಲ, ಫೋನ್ ಮಾಡಿ ದೂರು ಕೊಡುತ್ತೀರಿ. ಅರ್ಧ ಸೈಟ್ ತೆರೆದು ಅರ್ಧ ತೆರೆಯದ ಸಂಪರ್ಕವಿದೆಯಲ್ಲ, ಅದು ವಾರಗಟ್ಟಲೆ ಸಮಯ ತಿನ್ನುತ್ತದೆ. ಐಪಿವಿ6 ಇಲ್ಲದಿರುವುದಕ್ಕಿಂತ ಅರೆಬರೆ ಇರುವುದೇ ಅಪಾಯ.

ಎರಡನೆಯದು, ಹೊರಗಿನಿಂದ ನಿಮ್ಮ ಯಂತ್ರಕ್ಕೆ ಯಾರಾದರೂ ಬರಬೇಕೆ? ಕ್ಯಾಮೆರಾ, ಫೈಲ್ ಸರ್ವರ್, ಆಟ, ದೂರದಿಂದ ಲಾಗಿನ್ ಇಂಥ ಅಗತ್ಯ ಇದೆಯೇ? ಮೂರನೆಯದು, ಹಳೆಯ ಸಾಧನ ಮತ್ತು ಸಾಫ್ಟ್‌ವೇರ್ ಎಷ್ಟಿವೆ? ಹತ್ತು ವರ್ಷ ಹಳೆಯ ಪ್ರಿಂಟರಿಗೆ ಐಪಿವಿ6 ಅಂದರೇನೆಂದೇ ಗೊತ್ತಿರದಿರಬಹುದು. ಕೊನೆಯದು ಖರ್ಚು. ಅಂದರೆ ಹಣ ಮಾತ್ರ ಅಲ್ಲ. ಇದನ್ನು ಕಟ್ಟಿದವರು ರಜೆ ಹಾಕಿ ಊರಿಗೆ ಹೋದ ದಿನ ಕೆಟ್ಟರೆ ಯಾರು ಸರಿಮಾಡುತ್ತಾರೆ ಎನ್ನುವುದೂ ಅದರಲ್ಲಿ ಸೇರಿದೆ.

ಆರಿಸುವ ಮೊದಲು ರೋಗ ಗುರುತಿಸಿ

ಒಂದು ಸಣ್ಣ ಕಚೇರಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ವೆಬ್‌ಸೈಟ್‌ಗಳು ತೆರೆಯುತ್ತಿದ್ದವು, ವೀಡಿಯೊ ಓಡುತ್ತಿತ್ತು, ಎರಡು ಸಾಲಿನ ಮೇಲ್ ಹೋಗುತ್ತಿತ್ತು. ಅಟ್ಯಾಚ್‌ಮೆಂಟ್ ಹಾಕಿದರೆ ಮಾತ್ರ ಮೇಲ್ ಹೊರಡುತ್ತಲೇ ಇರಲಿಲ್ಲ. ಎಷ್ಟು ಹೋಯಿತೆಂದು ತೋರಿಸುವ ಗೆರೆ ಸ್ವಲ್ಪ ಮುಂದಕ್ಕೆ ಹೋಗಿ ನಿಂತುಬಿಡುತ್ತಿತ್ತು. ಫೋನಿನ ಹಾಟ್‌ಸ್ಪಾಟ್ ಹಿಡಿದರೆ ಅದೇ ಮೇಲ್ ಕ್ಷಣದಲ್ಲಿ ಹೋಗುತ್ತಿತ್ತು. ಮೇಲ್ ಸರ್ವರ್ ಸರಿ ಇಲ್ಲ ಎಂದು ಮೂರು ದಿನ ಅವರನ್ನೇ ಬೈದೆವು.

ಕೊನೆಗೆ ತೋಚಿದ್ದು ಪಿಂಗ್, ಅಂದರೆ ದೂರದ ಯಂತ್ರಕ್ಕೆ ಒಂದು ಪ್ಯಾಕೆಟ್ (ದತ್ತಾಂಶದ ಕಟ್ಟು) ಕಳಿಸಿ ಉತ್ತರ ಬರುತ್ತದೆಯೇ ನೋಡುವ ಪರೀಕ್ಷೆ. ಐಪಿವಿ6 ಪಿಂಗ್ ಅನ್ನೇ 1232 ಬೈಟ್ ಹೊರೆಯೊಂದಿಗೆ ಕಳಿಸಿದರೆ ಉತ್ತರ ತಟ್ಟನೆ ಬಂತು. 1452 ಹಾಕಿದರೆ ಉತ್ತರವೂ ಇಲ್ಲ, ದೂರೂ ಇಲ್ಲ. ಈ ಅಂಕಿಗಳೇನೂ ಮಂತ್ರವಲ್ಲ. ಈಥರ್ನೆಟ್ ಪ್ಯಾಕೆಟ್‌ನ ಮಿತಿ 1500 ಬೈಟ್. ಅದರಲ್ಲಿ ಐಪಿವಿ6ರ ತಲೆಬರಹಕ್ಕೆ 40, ಪಿಂಗ್‌ನ ತಲೆಬರಹಕ್ಕೆ 8 ಕಳೆದರೆ 1452. ಐಪಿವಿ6 ಓಡುವ ಯಾವ ದಾರಿಯೂ ಕನಿಷ್ಠ 1280 ಬೈಟ್ ಹೊರಲೇಬೇಕು ಎಂಬುದು ನಿಯಮ. ಅದರಲ್ಲಿ 48 ಕಳೆದರೆ 1232. ಚಿಕ್ಕದು ಹೋಗಿ ದೊಡ್ಡದು ಹೋಗಲಿಲ್ಲ ಎಂದರೆ ನಡುವೆ ಎಲ್ಲೋ ದಾರಿ ಕಿರಿದಾಗಿದೆ ಎಂದರ್ಥ.

ದಾರಿ ಕಿರಿದಾಗುವುದು ತಪ್ಪಲ್ಲ. ಐಪಿವಿ4ರಲ್ಲಾದರೆ ನಡುದಾರಿಯ ರೂಟರ್ ದೊಡ್ಡ ಪ್ಯಾಕೆಟ್ಟನ್ನು ತಾನೇ ತುಂಡು ಮಾಡಿ ಕಳಿಸಲು ಅವಕಾಶವಿತ್ತು. ಐಪಿವಿ6ರಲ್ಲಿ ರೂಟರ್ ತುಂಡು ಮಾಡುವ ಹಾಗಿಲ್ಲ. "ಇದು ದೊಡ್ಡದಾಯಿತು, ಇಷ್ಟಕ್ಕೆ ಇಳಿಸು" ಎಂದು ಐಸಿಎಂಪಿವಿ6 (ದೋಷದ ಸೂಚನೆ, ಪಿಂಗ್ ಇಂಥವನ್ನು ಒಯ್ಯುವ ಏರ್ಪಾಡು) ಸಂದೇಶವನ್ನು ಕಳಿಸಿದವನಿಗೇ ಹಿಂದಿರುಗಿಸುತ್ತದೆ. ಕಚೇರಿಯ ಫೈರ್‌ವಾಲ್‌ನಲ್ಲಿ (ಒಳಬರುವುದನ್ನು ಸೋಸುವ ಕಾವಲು), ಪಿಂಗ್‌ನ ಉತ್ತರ ಬಿಟ್ಟು ಹೊರಗಿನಿಂದ ಬರುವ ಉಳಿದ ಐಸಿಎಂಪಿ ಎಲ್ಲವನ್ನೂ ತಡೆ ಎಂಬ ಐಪಿವಿ4 ಕಾಲದ ನಿಯಮವನ್ನು ಯಾರೋ ಹಾಗೇ ನಕಲು ಮಾಡಿದ್ದರು. ದೂರು ಬಾಗಿಲ ತನಕ ಬಂದು ಸಾಯುತ್ತಿತ್ತು. ಒಂದು ಸಾಲು ತಿದ್ದಿದೆವು, ಮೇಲ್ ಹೋಯಿತು. ತಡೆದದ್ದು ನಾವೇ, ಬೈಸಿಕೊಂಡವರು ಮೇಲ್ ಸರ್ವರ್‌ನವರು.

ಇಲ್ಲೊಂದು ಸೂಕ್ಷ್ಮವಿದೆ. ಬ್ರೌಸರ್‌ಗಳಲ್ಲಿ ಹ್ಯಾಪಿ ಐಬಾಲ್ಸ್ ಎಂಬ ಏರ್ಪಾಡು ಇದೆ. 2012ರಲ್ಲಿ ಮೊದಲು ಮಾನದಂಡವಾಯಿತು, 2017ರಲ್ಲಿ ಪರಿಷ್ಕರಣೆಯಾಯಿತು. ಐಪಿವಿ6ರಲ್ಲಿ ಮೊದಲು ಕದ ತಟ್ಟಿ, ಸುಮಾರು 250 ಮಿಲಿಸೆಕೆಂಡ್‌ನಲ್ಲಿ ಉತ್ತರ ಬರದಿದ್ದರೆ ಐಪಿವಿ4ರ ಕದವನ್ನೂ ತಟ್ಟುತ್ತದೆ, ಮೊದಲು ತೆರೆದದ್ದನ್ನು ಹಿಡಿಯುತ್ತದೆ. ಪೂರ್ತಿ ಸತ್ತ ಐಪಿವಿ6 ಇದರಿಂದ ಯಾರಿಗೂ ಗೊತ್ತೇ ಆಗದೆ ಮುಚ್ಚಿಹೋಗುತ್ತದೆ. ಆದರೆ ಕದ ತಟ್ಟುವ ಪ್ಯಾಕೆಟ್‌ಗಳು ಚಿಕ್ಕವು. ಮೇಲಿನ ರೋಗದಲ್ಲಿ ಅವು ಸಲೀಸಾಗಿ ಹೋಗಿಬರುತ್ತವೆ, ಸಂಪರ್ಕ ಕೂಡಿತು ಎಂದು ಬ್ರೌಸರ್ ನೆಮ್ಮದಿಯಾಗುತ್ತದೆ. ಆಮೇಲೆ ಹೊರಟ ದೊಡ್ಡ ಪ್ಯಾಕೆಟ್ ಸಿಕ್ಕಿಹಾಕಿಕೊಳ್ಳುತ್ತದೆ. ಆ ಹೊತ್ತಿಗೆ ಐಪಿವಿ4ಗೆ ಮರಳುವ ಬಾಗಿಲು ಮುಚ್ಚಿರುತ್ತದೆ.

ಹಾಗಾಗಿ ಯಾವ ದಾರಿ ಎಂದು ಯೋಚಿಸುವ ಮೊದಲು ಈ ಎರಡು ಪಿಂಗ್ ಹಾಕಿ. ದೊಡ್ಡದಕ್ಕೆ ಮಾಮೂಲಿ ಉತ್ತರವೋ "ಪ್ಯಾಕೆಟ್ ದೊಡ್ಡದಾಯಿತು" ಎಂಬ ಉತ್ತರವೋ ಬಂದರೆ ನಿಮ್ಮ ದಾರಿ ಆರೋಗ್ಯವಾಗಿದೆ. ಮೌನವಿದ್ದರೆ ಅದೇ ರೋಗ. ಎರಡೂ ಹೋಗದಿದ್ದರೆ ಸಾಧನಕ್ಕೆ 2 ಅಥವಾ 3ರಿಂದ ಶುರುವಾಗುವ ವಿಳಾಸ ಸಿಕ್ಕಿದೆಯೇ ನೋಡಿ. ಎಫ್‌ಇ80ಯಿಂದ ಶುರುವಾಗುವುದು ಮಾತ್ರ ಇದ್ದರೆ ಅದು ಮನೆಯೊಳಗಿನ ವಿಳಾಸ, ಹೊರಗೆ ನಡೆಯದು.

ಆಫ್ ಮಾಡುವುದು, ಅದರ ಸಭ್ಯ ತಮ್ಮ

ಪೂರ್ತಿ ಆಫ್ ಮಾಡಿದರೆ ನನ್ನ ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ. ಇರುವುದು ಒಂದೇ ದಾರಿ, ಕೆಟ್ಟರೆ ಕೆಟ್ಟಿದ್ದು ಗೊತ್ತಾಗುತ್ತದೆ. ಖರ್ಚೂ ಇಲ್ಲ. ಐಪಿವಿ6 ಬೆಂಬಲಿಸದ ವಿಪಿಎನ್ ಬಳಸುವವರಿಗೆ ಇನ್ನೊಂದು ಲಾಭವೂ ಇದೆ. ಅಂಥ ವಿಪಿಎನ್‌ಗಳಲ್ಲಿ ಐಪಿವಿ4 ಸುರಕ್ಷಿತವಾಗಿ ಒಳಗೆ ಹೋಗುತ್ತಿದ್ದರೆ, ಐಪಿವಿ6 ಪಕ್ಕದ ಕಿಟಕಿಯಿಂದ ನೇರ ಹೊರಗೆ ಸೋರುತ್ತಿರುತ್ತದೆ.

ನಷ್ಟ ಎಲ್ಲಿ? ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಐಪಿವಿ4 ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಿದ್ದರೆ, ಅಂದರೆ ಸಿಜಿನ್ಯಾಟ್ ಇದ್ದರೆ, ಹೊರಗಿನಿಂದ ಬರುವ ಸಂಪರ್ಕದ ಆಸೆ ಬಿಡಬೇಕು. ರೂಟರ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಅದು ಸಿಜಿನ್ಯಾಟ್‌ಗೆಂದೇ 2012ರಲ್ಲಿ ಮೀಸಲಿಟ್ಟ ವಿಳಾಸ. ಆ ಸ್ಥಿತಿಯಲ್ಲಿ ಐಪಿವಿ6 ಆಫ್ ಮಾಡುವುದೆಂದರೆ ಮನೆಗೆ ಇದ್ದ ಒಂದೇ ಮುಂಬಾಗಿಲಿಗೆ ಗೋಡೆ ಕಟ್ಟಿದ ಹಾಗೆ. ಎಲ್ಲೋ ಇನ್ನೊಬ್ಬ ಗ್ರಾಹಕ ಮಾಡಿದ ಕಿತಾಪತಿಗೆ ನಿಮ್ಮ ವಿಳಾಸವೂ ನಿಷೇಧವಾಗಬಹುದು, ಅದು ಇಬ್ಬರದೂ ಒಂದೇ ವಿಳಾಸ ತಾನೆ.

ಇದರ ಸಭ್ಯ ತಮ್ಮ ಎಂದರೆ ಐಪಿವಿ4ಗೆ ಆದ್ಯತೆ ಕೊಡುವುದು. ವಿಂಡೋಸ್‌ನಲ್ಲಿ ರಿಜಿಸ್ಟ್ರಿಯ ಒಂದು ಮೌಲ್ಯ, ಲಿನಕ್ಸ್‌ನಲ್ಲಿ ಸಂರಚನಾ ಫೈಲಿನ ಒಂದು ಸಾಲು, ಅಷ್ಟೇ ಕೆಲಸ. ಐಪಿವಿ6 ಇರುತ್ತದೆ, ಆದರೆ ಎರಡೂ ಸಿಗುವ ಕಡೆ ಐಪಿವಿ4 ಮೊದಲು. ವಿಂಡೋಸ್‌ನಲ್ಲಿ ಐಪಿವಿ6 ಪೂರ್ತಿ ಕಿತ್ತುಹಾಕುವುದರ ಬದಲು ಹೀಗೇ ಮಾಡಿ ಎಂದು ಮೈಕ್ರೋಸಾಫ್ಟ್ ಕೂಡ ಶಿಫಾರಸು ಮಾಡುತ್ತದೆ. ತುರ್ತು ಪರಿಹಾರವಾಗಿ ನನಗೆ ಇದೇ ಇಷ್ಟ: ಇವತ್ತು ಕೆಲಸ ನಡೆಯುತ್ತದೆ, ನಾಳೆ ಮೂಲ ತೊಂದರೆ ಹುಡುಕಬಹುದು. ಆದರೆ ಯಂತ್ರ ಯಂತ್ರಕ್ಕೂ ಹೋಗಿ ಮಾಡಬೇಕು, ಮೊಬೈಲು ಟಿವಿಗಳಲ್ಲಿ ಆ ಗುಂಡಿಯೇ ಇರುವುದಿಲ್ಲ.

ಎರಡನ್ನೂ ಓಡಿಸುವುದು

ಡ್ಯುಯಲ್ ಸ್ಟ್ಯಾಕ್ ಎಂದರೆ ಪ್ರತಿ ಸಾಧನಕ್ಕೂ ಎರಡೂ ವಿಳಾಸ. ಕಂಪನಿಯವರು ಐಪಿವಿ6 ನೇರವಾಗಿ ಕೊಡುತ್ತಿದ್ದರೆ ಬಹುತೇಕ ಮನೆಗಳಿಗೆ, ಸಣ್ಣ ಕಚೇರಿಗಳಿಗೆ ನಾನು ಹೇಳುವುದು ಇದನ್ನೇ. ಹಳೆಯ ಪ್ರಿಂಟರ್ ಹಳೆಯ ದಾರಿಯಲ್ಲಿ ಓಡಾಡಿಕೊಂಡಿರುತ್ತದೆ, ಹೊರಗಿನಿಂದ ಬರಬೇಕಾದವರು ಹೊಸ ದಾರಿಯಲ್ಲಿ ಬರುತ್ತಾರೆ, ಹೆಚ್ಚಿನ ಹಣವೂ ಬೇಡ. ಬೆಲೆ ತೆರುವುದು ಬೇರೆ ರೂಪದಲ್ಲಿ: ಫೈರ್‌ವಾಲ್ ನಿಯಮ ಎರಡು ಸಲ ಬರೆಯಬೇಕು, ತೊಂದರೆ ಬಂದಾಗ ಎರಡು ಸಲ ಹುಡುಕಬೇಕು. ಅರೆಬರೆ ಕೆಡುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ, ಯಾಕೆಂದರೆ ಒಂದು ಕೆಟ್ಟರೆ ಇನ್ನೊಂದು ಅದನ್ನು ಮುಚ್ಚಿಟ್ಟುಕೊಳ್ಳುತ್ತದೆ.

ಕೆಡುವ ಜಾಗಗಳು ಮಾತ್ರ ಬೆರಳೆಣಿಕೆಯವು. ಐಸಿಎಂಪಿವಿ6 ತಡೆಯ ಕಥೆ ಹೇಳಿದ್ದಾಯಿತು. ಅದರ ಜೊತೆಗೆ ರೂಟರ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಆಯ್ಕೆ ಇದ್ದರೆ ಆನ್ ಮಾಡಿ. ಪಿಪಿಪಿಒಇ ಸಂಪರ್ಕದಲ್ಲಿ (ಹೆಸರು, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಬ್ರಾಡ್‌ಬ್ಯಾಂಡ್) ಮಿತಿ 1500 ಅಲ್ಲ, 1492. ಎರಡೂ ಕಡೆಯವರು ಮೊದಲೇ ಚಿಕ್ಕ ತುತ್ತಿಗೆ ಒಪ್ಪಿಕೊಳ್ಳುವಂತೆ ಈ ಆಯ್ಕೆ ಮಾಡುತ್ತದೆ. ಆದರೆ ಇದು ಟಿಸಿಪಿಗೆ (ವೆಬ್, ಮೇಲ್‌ಗಳು ಹೆಚ್ಚಾಗಿ ಬಳಸುವ ಸಾಗಣೆ ವಿಧಾನ) ಮಾತ್ರ.

ಎರಡನೆಯ ಜಾಗ ಪ್ರಿಫಿಕ್ಸ್. ಕಂಪನಿ ನಿಮಗೆ ಕೊಡುವುದು ಒಂದು ವಿಳಾಸವಲ್ಲ, ವಿಳಾಸಗಳ ಒಂದು ಹಾಸು; ಅವೆಲ್ಲಕ್ಕೂ ಸಮಾನವಾದ ಮುಂಭಾಗವೇ ಪ್ರಿಫಿಕ್ಸ್. ಓರೆಗೆರೆಯ ಮುಂದಿನ ಅಂಕಿ ಚಿಕ್ಕದಾದಷ್ಟೂ ಹಾಸು ದೊಡ್ಡದು: /56 ಕೊಟ್ಟರೆ ಅದರಲ್ಲಿ 256 ಒಳ ನೆಟ್‌ವರ್ಕ್ ಮಾಡಬಹುದು. /64 ಮಾತ್ರ ಕೊಟ್ಟರೆ ಒಂದೇ. ಅತಿಥಿಗಳ ವೈಫೈ ಬೇರೆ, ಕ್ಯಾಮೆರಾಗಳದು ಬೇರೆ ಎಂದು ಸರಿಯಾಗಿ ಭಾಗ ಮಾಡಲಾಗದು. ಕಂಪನಿ ಧಾರಾಳವಾಗಿ /56 ಕೊಟ್ಟರೂ, ಮನೆಯ ಅಗ್ಗದ ರೂಟರ್ ಅದನ್ನು ಕೇಳಿ ಪಡೆಯದೆ /64ರಲ್ಲೇ ತೃಪ್ತಿಪಡುವುದೂ ಉಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ.

ಮೂರನೆಯದು ನನಗೆ ಅತಿ ಹೆಚ್ಚು ಕಾಡಿದ್ದು. ಕರೆಂಟ್ ಹೋಗಿ ಬಂತು, ರೂಟರ್ ಮತ್ತೆ ಎದ್ದಿತು, ಕಂಪನಿ ಹೊಸ ಪ್ರಿಫಿಕ್ಸ್ ಕೊಟ್ಟಿತು. ಲ್ಯಾಪ್‌ಟಾಪ್‌ಗೆ ಮಾತ್ರ ಹಳೆಯದು ಸತ್ತಿದೆ ಎಂದು ಯಾರೂ ಹೇಳಲಿಲ್ಲ. ಮೂಲ ಮಾನದಂಡದ ಡೀಫಾಲ್ಟ್ ಪ್ರಕಾರ ಅಂಥ ವಿಳಾಸ 7 ದಿನ ಆದ್ಯತೆಯಲ್ಲಿ, 30 ದಿನ ಚಲಾವಣೆಯಲ್ಲಿ ಇರಬಹುದು. ಲ್ಯಾಪ್‌ಟಾಪ್ ಹಳೆಯ ವಿಳಾಸದಿಂದಲೇ ಕಳಿಸುತ್ತದೆ, ಉತ್ತರ ಮರಳಿ ಬರುವುದಿಲ್ಲ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಎಲ್ಲರೂ "ಏನೋ ವೈಫೈ ತೊಂದರೆ" ಎಂದು ಮರೆಯುತ್ತಾರೆ. ರೂಟರ್‌ನಲ್ಲಿ ಈ ಅವಧಿಯನ್ನು ಗಂಟೆಗಳಿಗೆ ಇಳಿಸಿ, ಸಾಧ್ಯವಿದ್ದರೆ ಕಂಪನಿಯಿಂದ ಸ್ಥಿರ ಪ್ರಿಫಿಕ್ಸ್ ಕೇಳಿ ಪಡೆಯಿರಿ. ಸರ್ವರ್ ಇಟ್ಟುಕೊಳ್ಳುವವರು ಹಣ ಕೊಡುವುದಾದರೆ ಇದಕ್ಕೆ ಕೊಡಬೇಕು.

ಇನ್ನೊಂದು ಭಯ ಆಗಾಗ ಕೇಳುತ್ತದೆ: ನ್ಯಾಟ್ (ಒಂದೇ ವಿಳಾಸವನ್ನು ಹಲವು ಸಾಧನಗಳು ಹಂಚಿಕೊಳ್ಳುವ ಏರ್ಪಾಡು) ಇಲ್ಲದಿದ್ದರೆ ಮನೆಯ ಸಾಧನಗಳೆಲ್ಲ ಬಯಲಿಗೆ ಬಿದ್ದ ಹಾಗಲ್ಲವೇ? ಒಳಗಿನಿಂದ ಶುರುವಾಗದ ಸಂಪರ್ಕವನ್ನು ಫೈರ್‌ವಾಲ್ ತಡೆಯುತ್ತಿದ್ದರೆ ಹಾಗೇನಿಲ್ಲ. ನಿಮ್ಮ ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಡೀಫಾಲ್ಟಾಗಿ ಆನ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಸಾಕು.

ಅಂದಹಾಗೆ ವಿಳಾಸ ಹಂಚಲು ಡಿಎಚ್‌ಸಿಪಿವಿ6 ಒಂದನ್ನೇ ನೆಚ್ಚಬೇಡಿ. ಆಂಡ್ರಾಯ್ಡ್ ಫೋನುಗಳು ಅದರಿಂದ ವಿಳಾಸ ಪಡೆಯುವುದಿಲ್ಲ ಎಂದು ಅನೇಕ ವರ್ಷ ಹಟ ಹಿಡಿದಿದ್ದವು. ರೂಟರ್ ಘೋಷಣೆ ಕೇಳಿ ತಾವೇ ವಿಳಾಸ ಕಟ್ಟಿಕೊಳ್ಳುವುದಷ್ಟೇ ಅವಕ್ಕೆ ಗೊತ್ತಿದ್ದದ್ದು.

ಟನೆಲ್

ಕಂಪನಿ ಐಪಿವಿ6 ಕೊಡುವುದೇ ಇಲ್ಲ ಎಂದಾಗ ಮಾತ್ರ ಈ ಮಾತು. ಐಪಿವಿ6 ಪ್ಯಾಕೆಟ್ಟನ್ನು ಐಪಿವಿ4ರ ಹೊಟ್ಟೆಯಲ್ಲಿಟ್ಟು ದೂರದ ಸರ್ವರಿಗೆ ಕಳಿಸಿ ಅಲ್ಲಿಂದ ಹೊರಬಿಡುವುದು. ಹರಿಕೇನ್ ಎಲೆಕ್ಟ್ರಿಕ್ ಎಂಬ ಕಂಪನಿ ಇದನ್ನು ಉಚಿತವಾಗಿ ಕೊಡುತ್ತದೆ, /48 ಹಾಸು ಕೂಡ ಕೇಳಿದರೆ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಇಲ್ಲ.

ದಿನನಿತ್ಯದ ಬಳಕೆಗೆ ಮಾತ್ರ ಎಚ್ಚರ. ಹೊದಿಕೆಗೆ 20 ಬೈಟ್ ಹೋಗಿ ಮಿತಿ 1480ಕ್ಕೆ ಇಳಿಯುತ್ತದೆ. ಮೇಲೆ ಹೇಳಿದ ಮೌನದ ರೋಗಕ್ಕೆ ಇದೇ ತವರು. ಟನೆಲ್‌ನ ಆಚೆ ತುದಿ ದೂರವಿದ್ದರೆ ಪಕ್ಕದಲ್ಲಿರುವ ಸರ್ವರಿಗೂ ಸುತ್ತಿ ಬಳಸಿ ಹೋಗಬೇಕು. ಕೆಲವು ವೀಡಿಯೊ ಸೇವೆಗಳು ಟನೆಲ್ ವಿಳಾಸವನ್ನು ಪ್ರಾಕ್ಸಿ ಎಂದು ಬಗೆದು ಬಾಗಿಲು ಹಾಕುತ್ತವೆ. ನೀವು ಸಿಜಿನ್ಯಾಟ್ ಹಿಂದೆ ಇದ್ದರೆ ಈ ಬಗೆಯ ಟನೆಲ್ ಸಾಮಾನ್ಯವಾಗಿ ಏಳುವುದೇ ಇಲ್ಲ. ಆಗ ಬಾಡಿಗೆ ಸರ್ವರ್ ಒಂದನ್ನು ಹಿಡಿದು ವೈರ್‌ಗಾರ್ಡ್ ಎಂಬ ವಿಪಿಎನ್ ಸಾಫ್ಟ್‌ವೇರ್‌ನಲ್ಲಿ ಸ್ವಂತ ಟನೆಲ್ ಕಟ್ಟಬೇಕು, ಅದರ ಬಾಡಿಗೆ ತಿಂಗಳು ತಿಂಗಳೂ ಕಟ್ಟಬೇಕು. ಉಚಿತ ಸೇವೆಗೆ ಆಯಸ್ಸಿನ ಖಾತ್ರಿಯೂ ಇಲ್ಲ. ಇಂಥದ್ದೇ ಸೇವೆಯಾಗಿದ್ದ ಸಿಕ್ಸೆಕ್ಸ್‌ಎಸ್ 2017ರ ಜೂನ್ 6ರಂದು ಮುಚ್ಚಿತು. ತಾನೇ ತಾನಾಗಿ ಏಳುತ್ತಿದ್ದ 6ಟು4 ವಿಧಾನದ ರಿಲೇ ವ್ಯವಸ್ಥೆಯನ್ನು 2015ರಲ್ಲೇ ಅಧಿಕೃತವಾಗಿ ಕೈಬಿಡಲಾಯಿತು. ಹಳೆಯ ರೂಟರ್‌ನಲ್ಲಿ ಆ ಹೆಸರಿನ ಆಯ್ಕೆ ಕಂಡರೆ ಯೋಚಿಸದೆ ಆಫ್ ಮಾಡಿ.

ತಪ್ಪು ಯಾವಾಗಲೂ ನಿಮ್ಮ ಮನೆಯಲ್ಲೇ ಇರುತ್ತದೆ ಎಂದೂ ಇಲ್ಲ. ಇದೇ ಹರಿಕೇನ್ ಎಲೆಕ್ಟ್ರಿಕ್‌ಗೂ ಕೋಜೆಂಟ್ ಎಂಬ ಇನ್ನೊಂದು ದೊಡ್ಡ ಜಾಲಕ್ಕೂ ಐಪಿವಿ6ರಲ್ಲಿ ಕೊಡುಕೊಳ್ಳುವಿಕೆ ಇರಲಿಲ್ಲ. ಒಬ್ಬರ ಗ್ರಾಹಕರಿಗೆ ಇನ್ನೊಬ್ಬರ ಗ್ರಾಹಕರು ಕಾಣುತ್ತಿರಲಿಲ್ಲ. ನಮ್ಮೊಡನೆ ಸೇರಿಕೊಳ್ಳಿ ಎಂದು 2009ರಲ್ಲಿ ಹರಿಕೇನ್‌ನವರು ಕೇಕ್ ಮೇಲೆ ಬರೆಸಿ ಕೇಳಿಕೊಂಡರು. ಅದಕ್ಕೂ ಜಗಳ ಮುಗಿಯಲಿಲ್ಲ. ಹೊರಗಿನ ಜಾಲ ಇಂಥ ಕಡೆ ತುಂಡಾಗಿದ್ದರೆ ನಿಮ್ಮ ರೂಟರ್‌ನಲ್ಲಿ ಎಷ್ಟು ತಿರುವಿದರೂ ಪ್ರಯೋಜನವಿಲ್ಲ.

ಐಪಿವಿ6 ಒಂದೇ, ನಡುವೆ ಅನುವಾದಕ

ಒಳಗೆ ಐಪಿವಿ4 ಇಲ್ಲವೇ ಇಲ್ಲ. ಐಪಿವಿ4 ಮಾತ್ರ ಇರುವ ಸೈಟಿಗೆ ಹೋಗಬೇಕಾದರೆ ಡಿಎನ್‌ಎಸ್64 (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಒಂದು ಬಗೆ) ಅದಕ್ಕೊಂದು ತೋರಿಕೆಯ ಐಪಿವಿ6 ವಿಳಾಸ ಕಟ್ಟಿಕೊಡುತ್ತದೆ, ನ್ಯಾಟ್64 ಗಡಿಯಲ್ಲಿ ನಿಂತು ಅನುವಾದ ಮಾಡುತ್ತದೆ. ಕೇಳಲು ಅಚ್ಚುಕಟ್ಟು. ಎಡವುವುದು ಹೆಸರಿಲ್ಲದ ಕಡೆ: ಆ್ಯಪ್‌ನೊಳಗೆ ಯಾರೋ ಅಂಕಿಯಲ್ಲೇ ಐಪಿವಿ4 ವಿಳಾಸ ಬರೆದಿಟ್ಟಿದ್ದರೆ ಡಿಎನ್‌ಎಸ್‌ಗೆ ಅದು ತಲುಪುವುದೇ ಇಲ್ಲ. ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ನೋಡುವ ಡಿಎನ್‌ಎಸ್‌ಸೆಕ್ ಪರಿಶೀಲನೆಯನ್ನು ಸಾಧನವೇ ಮಾಡುತ್ತಿದ್ದರೆ ಈ ಕಟ್ಟಿಕೊಟ್ಟ ವಿಳಾಸ ನಕಲಿಯಾಗಿ ಕಾಣುತ್ತದೆ.

ಇದಕ್ಕೆ ಮದ್ದಾಗಿ 2013ರಲ್ಲಿ 464ಎಕ್ಸ್‌ಲ್ಯಾಟ್ ಬಂತು. ಸಾಧನದೊಳಗೇ ಒಂದು ಪುಟ್ಟ ಅನುವಾದಕ ಕೂತು, ಹಳೆಯ ಆ್ಯಪ್‌ಗೆ ಐಪಿವಿ4 ಇದೆ ಎಂದೇ ನಂಬಿಸುತ್ತದೆ. ಮೊಬೈಲ್ ಜಾಲಗಳು ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತಿವೆ. ನಿಮ್ಮ ಫೋನೂ ನಿಮಗೆ ಹೇಳದೆ ಇದೇ ದಾರಿಯಲ್ಲಿ ಓಡುತ್ತಿರಬಹುದು. 2016ರ ಜೂನ್‌ನಿಂದ ಆಪಲ್ ತನ್ನ ಆ್ಯಪ್ ಸ್ಟೋರ್‌ಗೆ ಬರುವ ಆ್ಯಪ್‌ಗಳು ಐಪಿವಿ6 ಒಂದೇ ಇರುವ ಜಾಲದಲ್ಲೂ ನಡೆಯಲೇಬೇಕು ಎಂದು ಕಡ್ಡಾಯ ಮಾಡಿತು. ಹಾಗಾಗಿ ಫೋನುಗಳೇ ತುಂಬಿರುವ ಕಡೆ ಈ ದಾರಿ ಸಲೀಸು. ಹಳೆಯ ಪ್ರಿಂಟರ್, ಹಾಜರಿ ಯಂತ್ರ, ಯಾವ ಕಾಲದ್ದೋ ಲೆಕ್ಕದ ಸಾಫ್ಟ್‌ವೇರ್ ಇರುವ ಕಡೆ ಯಾತನೆ.

ನಡುವಿನ ಒಂದು ಮೆಟ್ಟಿಲು ನನಗೆ ಹಿಡಿಸಿದೆ. 2020ರಲ್ಲಿ ಬಂದ ಡಿಎಚ್‌ಸಿಪಿ ಆಯ್ಕೆ 108 ಬಳಸಿದರೆ, ಐಪಿವಿ4 ಇಲ್ಲದೆ ಬಾಳಬಲ್ಲ ಸಾಧನಗಳು ತಾವಾಗಿ ಅದನ್ನು ಬಿಟ್ಟುಕೊಡುತ್ತವೆ, ಬಾಳಲಾರದವು ಎಂದಿನಂತೆ ಪಡೆಯುತ್ತವೆ. ನೂರಾರು ಸಾಧನಗಳ ಜಾಲ ನಡೆಸುವ, ಅದಕ್ಕೆಂದೇ ಜನ ಇರುವ ಸಂಸ್ಥೆಗೆ ಇದು ಯೋಗ್ಯ. ಐದು ಜನರ ಕಚೇರಿಗೆ ಬೇಡ.

ಐಪಿವಿ6 ಜಾಲದ ಮೇಲೆ ಐಪಿವಿ4 ಸಾಗಿಸುವ ಡಿಎಸ್-ಲೈಟ್, ಮ್ಯಾಪ್ ಎಂಬ ವಿಧಾನಗಳ ಹೆಸರು ಕೇಳಿರಬಹುದು. ಅವು ನೀವು ಆರಿಸುವಂಥವಲ್ಲ, ಕಂಪನಿ ಆರಿಸಿ ನಿಮಗೆ ಕೊಡುವಂಥವು. ಡಿಎಸ್-ಲೈಟ್‌ನಲ್ಲಿ ಐಪಿವಿ4ರ ನ್ಯಾಟ್ ಕಂಪನಿಯ ಕಡೆ ಇರುತ್ತದೆ, ಪೋರ್ಟ್ (ಹೊರಗಿನವರು ಒಳಬರುವ, ಅಂಕಿ ಹಾಕಿದ ಬಾಗಿಲು) ತೆರೆಯುವುದು ನಿಮ್ಮ ಕೈಯಲ್ಲಿಲ್ಲ. ಮ್ಯಾಪ್‌ನಲ್ಲಿ ಒಂದಷ್ಟು ಪೋರ್ಟ್‌ಗಳು ನಿಮ್ಮ ಪಾಲಿಗೆ ಬರುತ್ತವೆ, ಅಷ್ಟರೊಳಗೆ ತೆರೆದುಕೊಳ್ಳಬಹುದು. ಎರಡು ಕಂಪನಿಗಳ ನಡುವೆ ತೂಗುತ್ತಿದ್ದರೆ, ಮನೆಯಲ್ಲಿ ಸರ್ವರ್ ಇದ್ದರೆ, ಇದನ್ನು ಕೇಳಿಯೇ ಸಹಿ ಹಾಕಿ. ಪ್ರಿಫಿಕ್ಸ್ ಎಷ್ಟು ದೊಡ್ಡದು, ಸ್ಥಿರವೋ ಬದಲಾಗುವುದೋ ಎಂದೂ ಅದೇ ಉಸಿರಿನಲ್ಲಿ ಕೇಳಿ.

ಯಾರಿಗೆ ಯಾವುದು

ಮನೆಯಲ್ಲಿ ಬ್ರೌಸಿಂಗ್, ವೀಡಿಯೊ ಮಾತ್ರ ಎನ್ನುವವರು ಕಂಪನಿ ಕೊಟ್ಟ ಡ್ಯುಯಲ್ ಸ್ಟ್ಯಾಕ್ ಹಾಗೇ ಇಟ್ಟುಕೊಳ್ಳಿ. ಕೆಟ್ಟರೆ ಎರಡು ಪಿಂಗ್ ಹಾಕಿ. ಸರಿಮಾಡುವವರು ಯಾರೂ ಇಲ್ಲ, ಕಂಪನಿಯೂ ಕಿವಿಗೊಡುವುದಿಲ್ಲ ಎಂದಾದರೆ ರೂಟರ್‌ನಲ್ಲೇ ಆಫ್ ಮಾಡಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಒಂದು ಯಂತ್ರದಲ್ಲಿ ಆಫ್, ಇನ್ನೊಂದರಲ್ಲಿ ಆನ್ ಎಂದು ಬಿಡಬೇಡಿ. ಮುಂದಿನ ಸಲ ತೊಂದರೆ ಬಂದಾಗ ನಿಮಗೇ ನೆನಪಿರುವುದಿಲ್ಲ. ಸಿಜಿನ್ಯಾಟ್ ಹಿಂದೆ ಕೂತು ಮನೆಯ ಸರ್ವರಿಗೆ ಹೊರಗಿನಿಂದ ಬರಬೇಕಾದವರು ಡ್ಯುಯಲ್ ಸ್ಟ್ಯಾಕ್‌ಗೇ ಪಟ್ಟು ಹಿಡಿಯಿರಿ; ಕಂಪನಿ ಅದನ್ನು ಕೊಡದಿದ್ದರೆ ವೈರ್‌ಗಾರ್ಡ್. ಸಣ್ಣ ಕಚೇರಿಗೂ ಡ್ಯುಯಲ್ ಸ್ಟ್ಯಾಕ್, ಜೊತೆಗೆ ಸ್ಥಿರ ಪ್ರಿಫಿಕ್ಸ್, ಮತ್ತು ಏನೇನು ಮಾಡಿದ್ದೀರಿ ಎಂದು ಬರೆದಿಟ್ಟ ಒಂದು ಹಾಳೆ.

ಸೈಟ್ ನಡೆಸುವವರ ಲೆಕ್ಕ ಸ್ವಲ್ಪ ಬೇರೆ. 2024ರ ಫೆಬ್ರವರಿಯಿಂದ ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆ ಲೆಕ್ಕದಲ್ಲಿ ಹಣ ಕೇಳುತ್ತಿದೆ, ಹಾಗಾಗಿ ಒಳಗಿನ ಸರ್ವರ್‌ಗಳನ್ನು ಐಪಿವಿ6 ಒಂದರಲ್ಲೇ ಇಟ್ಟು ಮುಂಭಾಗದಲ್ಲಿ ಮಾತ್ರ ಎರಡನ್ನೂ ಇಡುವುದು ಲಾಭ. ಆದರೆ ಡಿಎನ್‌ಎಸ್‌ನಲ್ಲಿ ಎಎಎಎ ದಾಖಲೆ (ಸೈಟಿನ ಐಪಿವಿ6 ವಿಳಾಸ) ಹಾಕುವ ಮೊದಲು ನಿಮ್ಮ ಮಾನಿಟರಿಂಗ್ ಐಪಿವಿ6ರಿಂದಲೂ ಬೇರೆಯಾಗಿ ಸೈಟ್ ತೆರೆದು ನೋಡುತ್ತದೆಯೇ ಖಚಿತಪಡಿಸಿಕೊಳ್ಳಿ, ಅದೂ ಮುಖಪುಟ ಮಾತ್ರವಲ್ಲ, ಒಂದು ದೊಡ್ಡ ಫೈಲನ್ನು ಏರಿಸಿ ಇಳಿಸಿ. ನಾನು ಕಂಡ ಮಾನಿಟರಿಂಗ್ ಒಂದು ವಾರವಿಡೀ ಹಸಿರು ದೀಪ ತೋರಿಸುತ್ತಿತ್ತು. ಅದು ಐಪಿವಿ4ರಲ್ಲಿ ಮಾತ್ರ ನೋಡುತ್ತಿತ್ತು.